ರೋಸ್ಟರ್‌ನಲ್ಲಿ ಕಾಣದ ಡ್ಯೂಟಿ

ಗೋಣಿಕೊಪ್ಪ, ವಿರಾಜಪೇಟೆ ಕಡೆಯ ಹುಡುಗರು ಕೋ-ಪೈಲಟ್ ಆಗಿ ಎರಡು ಮೂರು ವರ್ಷ ಕಳೆಯುತ್ತಿದ್ದಂತೆ ಬಂದು ಕೇಳುವುದು ಹೆಚ್ಚುಕಡಿಮೆ ಒಂದೇ: "ಸರ್, ಹಾರಾಟದ ಜೊತೆಗೆ ಎಂಬಿಎ ಮಾಡ್ಲಾ, ಇಲ್ಲಾ ತೋಟದಲ್ಲಿ ಹೋಂಸ್ಟೇ ಶುರು ಮಾಡ್ಲಾ?"

ಎರಡನ್ನೂ ಮಾಡಿದವರಿದ್ದಾರೆ. ಆದರೆ ಎರಡರ ಲೆಕ್ಕ ಬೇರೆ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ ನಿಯಮದಲ್ಲಿ ಡ್ಯೂಟಿ ಎಂದರೆ ಬರೀ ಹಾರಾಟವಲ್ಲ. ನಿಮ್ಮ ವಿಮಾನ ಸಂಸ್ಥೆ ಹೇಳಿದ ಕಚೇರಿ ಕೆಲಸ, ತರಬೇತಿ, ಕರೆ ಬಂದರೆ ಹೊರಡಲು ಸಿದ್ಧವಾಗಿ ಕಾಯುವ ಸ್ಟ್ಯಾಂಡ್‌ಬೈ ಎಲ್ಲವೂ ಅದರಲ್ಲಿ ಸೇರುತ್ತವೆ. ನಿಮ್ಮ ಸ್ವಂತ ವ್ಯಾಪಾರಕ್ಕೆ ಹೋದ ಗಂಟೆಗಳನ್ನು ಮಾತ್ರ ಯಾರೂ ಎಣಿಸುವುದಿಲ್ಲ. ವಾರಕ್ಕೊಮ್ಮೆ ಸಿಗುವ 48 ಗಂಟೆ ವಿಶ್ರಾಂತಿಯಲ್ಲಿ ಬೆಂಗಳೂರಿನಿಂದ ಊರಿಗೆ ಹೋಗಿ ಬರಲಿಕ್ಕೇ ಹತ್ತು ಹನ್ನೆರಡು ಗಂಟೆ ಬೇಕು. ಉಳಿದದ್ದರಲ್ಲಿ ತೋಟದ ಗುಮಾಸ್ತ ರೈಟರ್ ಜೊತೆ ಕೂಲಿ ಲೆಕ್ಕ, ಕಣದಲ್ಲಿ ಒಣಗುತ್ತಿರುವ ಕಾಫಿ ಹಣ್ಣು, ಬಿಸಿನೀರು ಬರುತ್ತಿಲ್ಲ ಎನ್ನುವ ಅತಿಥಿಗಳು. ಸಂಜೆ ಅವರೇ ಒತ್ತಾಯ ಮಾಡಿ ಕೊಡುವ ಮದ್ಯದ ಗ್ಲಾಸ್ ಬೇರೆ! ಹಾರಾಟಕ್ಕೆ ಮುಂಚಿನ 12 ಗಂಟೆ ಅದನ್ನು ಮುಟ್ಟುವಂತಿಲ್ಲ. ಕಾಗದದ ಪ್ರಕಾರ ನೀವು ವಿಶ್ರಾಂತಿ ಪಡೆದಿದ್ದೀರಿ. ಬೆಳಗಿನ ಜಾವ ನಾಲ್ಕಕ್ಕೆ ರಿಪೋರ್ಟಿಂಗ್ ಇದ್ದಾಗ ನಿಜ ಗೊತ್ತಾಗುತ್ತದೆ.

ಕೊಡಗಿನವರಿಗೆ ಹಂಗಾಮಿನ ತೊಡಕೂ ಇದೆ. ಡಿಸೆಂಬರ್‌ನಿಂದ ಫೆಬ್ರವರಿ ತನಕ ಇಲ್ಲಿ ಕಾಫಿ ಕೊಯ್ಲು ಜೋರು, ಅಲ್ಲಿ ದೆಹಲಿಯ ಮಂಜು. ಕ್ಯಾಟ್-3, ಅಂದರೆ ದಟ್ಟ ಮಂಜಿನಲ್ಲೂ ಇಳಿಸುವ ತರಬೇತಿ ಆದವರನ್ನು ಆಗ ಆ ಸೆಕ್ಟರ್‌ಗೇ ಹಾಕುತ್ತಾರೆ, ರಜೆ ಕೇಳಿದರೂ ಸಿಗುವುದು ಕಷ್ಟ. ಕೊಯ್ಲು ಮುಗಿಯಿತು ಎನ್ನುವಷ್ಟರಲ್ಲಿ ರೋಬಸ್ಟಾ ಕಾಫಿಗೆ ಹೂ ಅರಳಿಸುವ ಹೂಮಳೆ ಬೇಕು; ಬರದಿದ್ದರೆ ಸ್ಪ್ರಿಂಕ್ಲರ್ ಹಾಕಲೇಬೇಕು, ಮುಂದಿನ ತಿಂಗಳ ಆಫ್ ತನಕ ಅದು ಕಾಯುವುದಿಲ್ಲ.

ಸಂಸ್ಥೆಯೊಳಗೇ ಮೇಲೇರುವ ಆಸೆಯಿದ್ದರೆ ಎಂಬಿಎಗಿಂತ ಮೊದಲು ಕಮಾಂಡ್, ಅಂದರೆ ಕ್ಯಾಪ್ಟನ್ ಸ್ಥಾನ ನೋಡಿ. 1500 ಗಂಟೆ ಹಾರಾಟ ಮುಗಿಸಿ ಎಟಿಪಿಎಲ್ ಎಂಬ ಲೈಸೆನ್ಸ್, ಆಮೇಲೆ ಕ್ಯಾಪ್ಟನ್ ಕೂರುವ ಎಡಗಡೆ ಸೀಟು, ಆಮೇಲೆ ಇನ್‌ಸ್ಟ್ರಕ್ಟರ್ ಅಥವಾ ಎಕ್ಸಾಮಿನರ್. ತರಬೇತಿ, ಸುರಕ್ಷತೆ, ಕಾರ್ಯಾಚರಣೆ ವಿಭಾಗದ ಕುರ್ಚಿಗಳು ಸಾಮಾನ್ಯವಾಗಿ ಈ ದಾರಿಯಲ್ಲಿ ಬಂದವರಿಗೇ. ಕುರ್ಚಿ ಸಿಕ್ಕ ಮೇಲೂ 90 ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗಿರಬೇಕು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಚೆಕ್ ತಪ್ಪದು. ಹಾರಾಟದ ಭತ್ಯೆಯಂತೂ ಇಳಿಯುತ್ತದೆ.

ಪಕ್ಕದ ಹಾಸನದ ಕ್ಯಾಪ್ಟನ್ ಗೋಪಿನಾಥ್ ಉದಾಹರಣೆ ಕೊಡುವವರು ಬಹಳ. ಅವರು ಸೇನೆಯ ಕ್ಯಾಪ್ಟನ್, ವಿಮಾನದ ಕ್ಯಾಪ್ಟನ್ ಅಲ್ಲ. 2003ರಲ್ಲಿ ಅಗ್ಗದ ದರದ ವಿಮಾನ ಸಂಸ್ಥೆ ಏರ್ ಡೆಕ್ಕನ್ ಶುರು ಮಾಡಿದ್ದು ಯಾವ ಏರ್‌ಲೈನ್ ರೋಸ್ಟರ್‌ನ ಆಫ್ ದಿನಗಳಲ್ಲೂ ಅಲ್ಲ.

ಹಾಗಂತ ಎರಡನೇ ಆದಾಯ ಬೇಡ ಎನ್ನುವವನಲ್ಲ ನಾನು. ಪೈಲಟ್‌ಗಳಿಗೆ ಕಡ್ಡಾಯವಾದ ವೈದ್ಯಕೀಯ ತಪಾಸಣೆ ಕ್ಲಾಸ್-1 ಮೆಡಿಕಲ್‌ನಲ್ಲಿ ಒಂದು ವರದಿ ಏರುಪೇರಾದರೆ ಹಾರಾಟ ಅಂದಿಗೇ ನಿಲ್ಲುತ್ತದೆ. ವ್ಯಾಪಾರ ಕೈಹಿಡಿಯಿತೆಂದು ನಾಳೆಯೇ ರಾಜೀನಾಮೆ ಕೊಟ್ಟು ಹೊರಡಲೂ ಆಗದು: ನೋಟಿಸ್ ಅವಧಿ ಕೋ-ಪೈಲಟ್‌ಗೆ ಆರು ತಿಂಗಳು, ಕಮಾಂಡರ್‌ಗೆ ಒಂದು ವರ್ಷ. ಕರಾರುಪತ್ರ ಓದಿ, ಸಂಸ್ಥೆಯಿಂದ ಲಿಖಿತ ಒಪ್ಪಿಗೆ ತೆಗೆದುಕೊಂಡೇ ಮುಂದುವರಿಯಿರಿ. ದಿನನಿತ್ಯ ನಡೆಸುವವರು ಊರಲ್ಲೇ ಇರಲಿ. ಬುಕಿಂಗ್‌ಗೆ ಮಾತ್ರ ನಿಮ್ಮ ಮೊಬೈಲ್ ನಂಬರ್ ಕೊಡಬೇಡಿ.