ನಾಜಿಗಳು ಜರೆದ ಕಲಾವಿದರೆಲ್ಲ ನಾಜಿ ವಿರೋಧಿಗಳೇ?

ಜರ್ಮನಿಯ ಆಧುನಿಕ ಕಲೆಯ ಬಗ್ಗೆ ಬರೆದಾಗಲೆಲ್ಲ ಓದುಗರು ಕೇಳುವುದು ಇದನ್ನೇ: ನಾಜಿಗಳು ಯಾರ ಚಿತ್ರಗಳನ್ನು ‘ಭ್ರಷ್ಟ ಕಲೆ’ ಎಂದು ಜರೆದರೋ ಅವರೆಲ್ಲ ಹಿಟ್ಲರನ ವಿರೋಧಿಗಳೇ ಆಗಿದ್ದರಲ್ಲವೇ? ಅಲ್ಲ. ಎಷ್ಟೋ ಸಲ ಹೇಳಿದ್ದರೂ ಈ ನಂಬಿಕೆ ಅಳಿಯುತ್ತಿಲ್ಲವಾದ್ದರಿಂದ, ಈ ಬಾರಿ ಒಬ್ಬರೇ ಕಲಾವಿದರನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಜರ್ಮನಿಯ ವಸ್ತುಸಂಗ್ರಹಾಲಯಗಳಿಂದ ಎಮಿಲ್ ನೋಲ್ಡೆಯವರ ಸಾವಿರಕ್ಕೂ ಹೆಚ್ಚು ಕೃತಿಗಳು ಜಪ್ತಿಯಾದವು. ಬೇರೆ ಯಾವ ಕಲಾವಿದರೂ ಇಷ್ಟು ಕಳೆದುಕೊಳ್ಳಲಿಲ್ಲ. 1937ರ ಜುಲೈಯಲ್ಲಿ ಮ್ಯೂನಿಕ್‌ನಲ್ಲಿ ಆರಂಭವಾದ ‘ಭ್ರಷ್ಟ ಕಲೆ’ ಪ್ರದರ್ಶನದಲ್ಲಿ, ಕ್ರಿಸ್ತನ ಬದುಕನ್ನು ಕುರಿತ ಅವರ ಒಂಬತ್ತು ಚಿತ್ರಗಳ ಮಾಲೆಯನ್ನು ಗೇಲಿಗೆಂದೇ ತೂಗುಹಾಕಿದ್ದರು. ಇಷ್ಟು ತಿಳಿದವರು ನೋಲ್ಡೆಯವರನ್ನು ಹುತಾತ್ಮರ ಸಾಲಿಗೆ ಸೇರಿಸಿಬಿಡುತ್ತಾರೆ. ಆದರೆ ಅವರು 1934ರಲ್ಲೇ ನಾಜಿ ಸಂಘಟನೆಗೆ ಸೇರಿದ್ದರು. ಅದಕ್ಕೂ ಹಿಂದಿನ ವರ್ಷ, ಯಹೂದಿಯೇ ಅಲ್ಲದ ಚಿತ್ರಕಾರ ಮಾಕ್ಸ್ ಪೆಖ್‌ಸ್ಟೈನ್ ಅವರನ್ನು ಯಹೂದಿಯೆಂದು ಅಧಿಕಾರಿಗಳಿಗೆ ದೂರಿದ್ದರು. 1938ರಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸನಿಗೆ ಪತ್ರ ಬರೆದು, ಜರ್ಮನ್ ಕಲೆಯ ಮೇಲಿನ ಪರಕೀಯ ಪ್ರಭಾವದ ವಿರುದ್ಧ ಹೋರಾಡಿದವನು ತಾನೆಂದು ಹೇಳಿಕೊಂಡರು. 1941ರಲ್ಲಿ ಅವರಿಗೆ ವಿಧಿಸಿದ್ದು ವೃತ್ತಿನಿಷೇಧ, ಅಂದರೆ ಚಿತ್ರಗಳನ್ನು ಮಾರುವುದಕ್ಕೂ ಪ್ರದರ್ಶಿಸುವುದಕ್ಕೂ ತಡೆ; ಚಿತ್ರ ಬರೆಯುವುದಕ್ಕಲ್ಲ. ಎಣ್ಣೆಬಣ್ಣದ ವಾಸನೆಯಿಂದ ಸಿಕ್ಕಿಬೀಳಬಹುದೆಂದು ಹೆದರಿ ಕದ್ದುಮುಚ್ಚಿ ಜಲವರ್ಣದಲ್ಲಿ ಚಿತ್ರಿಸಿದರೆಂಬ ಕಥೆ ಯುದ್ಧಾನಂತರ ಬೆಳೆದದ್ದು. ಆ ಚಿತ್ರಗಳಲ್ಲಿ ಹಲವು ನಿಷೇಧಕ್ಕೂ ಮೊದಲಿನವು. ಆತ್ಮಕಥೆಯಲ್ಲಿದ್ದ ಯಹೂದಿ ದ್ವೇಷದ ಮಾತುಗಳೂ ಯುದ್ಧದ ನಂತರದ ಆವೃತ್ತಿಯಿಂದ ಮರೆಯಾದವು. 2019ರಲ್ಲಿ ಬರ್ಲಿನ್‌ನಲ್ಲಿ ನಡೆದ ಪ್ರದರ್ಶನವೊಂದು ಇದನ್ನೆಲ್ಲ ದಾಖಲೆಗಳೊಂದಿಗೆ ಜನರ ಮುಂದಿಟ್ಟಿತು. ಆಗ ಚಾನ್ಸಲರ್ ಆಂಗೆಲಾ ಮೆರ್ಕೆಲ್ ಅವರ ಕಚೇರಿಯಿಂದ ನೋಲ್ಡೆ ಚಿತ್ರಗಳು ಇಳಿದವು.

ಹಾಗಾದರೆ ಪಕ್ಷನಿಷ್ಠರ ಚಿತ್ರಗಳನ್ನೇಕೆ ಜಪ್ತಿ ಮಾಡಿದರು? ನಾಜಿಗಳಲ್ಲೇ ಈ ಬಗ್ಗೆ ಒಮ್ಮತವಿರಲಿಲ್ಲ. 1933ರಲ್ಲಿ ಬರ್ಲಿನ್‌ನ ನಾಜಿ ವಿದ್ಯಾರ್ಥಿಗಳೇ ನೋಲ್ಡೆಯವರ ಕೃತಿಗಳಿದ್ದ ಪ್ರದರ್ಶನ ನಡೆಸಿ, ಕಂಡದ್ದನ್ನು ಹಾಗೇ ಬಿಡಿಸದೆ ಒಳಗಿನ ಭಾವವನ್ನು ಗಾಢ ಬಣ್ಣ, ಆಕಾರಗಳಲ್ಲಿ ತೋರುವ ನೋಲ್ಡೆಯವರ ಶೈಲಿ, ಅಂದರೆ ಅಭಿವ್ಯಕ್ತಿವಾದವೇ ನಿಜವಾದ ಜರ್ಮನ್ ಕಲೆಯೆಂದು ವಾದಿಸಿದ್ದರು. ಗೋಬೆಲ್ಸನಿಗೂ ಆ ಚಿತ್ರಗಳು ಹಿಡಿಸಿದ್ದವು. ಹಿಟ್ಲರನಿಗೆ ಹಿಡಿಸಲಿಲ್ಲ, ಕೊನೆಗೆ ನಡೆದದ್ದು ಅವನ ಮಾತೇ. ಕಲಾವಿದನ ರಾಜಕೀಯವನ್ನಲ್ಲ, ಬಣ್ಣವನ್ನೂ ಆಕಾರವನ್ನೂ ನೋಡಿಯೇ ಹಲವು ತೀರ್ಪುಗಳು ಬಂದವು.

ಯಾರೂ ಕೇಳದಿದ್ದರೂ ಹೇಳಲೇಬೇಕಾದದ್ದು ಫ್ರಾನ್ಸ್ ಮಾರ್ಕ್ ಅವರ ವಿಷಯ. ಮೊದಲ ಮಹಾಯುದ್ಧದಲ್ಲಿ, 1916ರಲ್ಲಿ ಫ್ರಾನ್ಸಿನ ವೆರ್ಡನ್ ಬಳಿ ಜರ್ಮನಿಗಾಗಿಯೇ ಹೋರಾಡಿ ಮಡಿದ ಈ ಕಲಾವಿದರ ‘ನೀಲಿ ಕುದುರೆಗಳ ಗೋಪುರ’ವನ್ನೂ ಮ್ಯೂನಿಕ್‌ನ ಅದೇ ಪ್ರದರ್ಶನದಲ್ಲಿ ಇಟ್ಟಿದ್ದರು. ಸೇನಾಧಿಕಾರಿಗಳ ಸಂಘ ಪ್ರತಿಭಟಿಸಿದ ಮೇಲೆ ಅದನ್ನು ತೆಗೆದರು, ಮಾಲೀಕರಾದ ಸಂಗ್ರಹಾಲಯಕ್ಕೆ ಮಾತ್ರ ಹಿಂದಿರುಗಿಸಲಿಲ್ಲ. ನಾಜಿ ನಾಯಕ ಗೋರಿಂಗ್ ಅದನ್ನು ತನ್ನ ವಶಕ್ಕೆ ತೆಗೆದುಕೊಂಡ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಚಿತ್ರ ಎಲ್ಲಿ ಹೋಯಿತೆಂಬುದು ಇಂದಿಗೂ ಪತ್ತೆಯಾಗಿಲ್ಲ.