ನೂರು ಮಕ್ಕಳಲ್ಲಿ ನೂರಾನಾಲ್ಕು ಮಕ್ಕಳಿಗೆ ಲಸಿಕೆ ಹಾಕುವುದು ಹೇಗೆ?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ. ನಮ್ಮ ಭಾಗದ ಸಭೆಯೊಂದರಲ್ಲಿ ಮಕ್ಕಳ ಲಸಿಕೆಯ ಪ್ರಗತಿ ಶೇ 104 ಎಂದು ಓದಿದರು. ಅದೇ ವಾರ ನಮ್ಮ ಐದನೇ ತರಗತಿಯಲ್ಲಿ ಲಸಿಕೆ ಸಿಗದ ಮಕ್ಕಳು 12 ಮಂದಿ ಉಳಿದಿದ್ದರು. ನೂರಕ್ಕೆ ನೂರಾನಾಲ್ಕು ಹೇಗೆ ಸಾಧ್ಯ? ನಮ್ಮ ಶಾಲೆಯ ಲೆಕ್ಕವನ್ನು ನಾವು ಹೇಗೆ ಬರೆಯಬೇಕು?

ಉತ್ತರ: ಶೇ 104 ಎಂಬ ಅಂಕಿ ಕಿವಿಗೆ ಬಿದ್ದ ಕೂಡಲೇ ಯಾರೋ ಸುಳ್ಳು ಬರೆದಿದ್ದಾರೆ ಎಂದು ಅನ್ನಿಸುವುದು ಸಹಜ. ಆದರೆ ಬರೆದವರು ಒಂದು ಹೆಸರನ್ನೂ ಹೆಚ್ಚಿಗೆ ಸೇರಿಸದೆ, ಪ್ರಾಮಾಣಿಕವಾಗಿ ಎಣಿಸಿಯೇ ಅಲ್ಲಿಗೆ ತಲುಪಿರಬಹುದು. ನೀವು ಐದನೇ ತರಗತಿಗೆ ಭಿನ್ನರಾಶಿ ಕಲಿಸುವಾಗ ಗೆರೆಯ ಮೇಲಿನದು ಅಂಶ, ಕೆಳಗಿನದು ಛೇದ ಎಂದು ಹೇಳಿಕೊಡುತ್ತೀರಿ. ಲಸಿಕೆಯ ಪ್ರಮಾಣವೂ ಅಂಥದೇ ಭಿನ್ನರಾಶಿ: ಲಸಿಕೆ ಪಡೆದ ಮಕ್ಕಳು ಮೇಲೆ, ಪಡೆಯಬೇಕಾಗಿದ್ದ ಮಕ್ಕಳು ಕೆಳಗೆ. ಸಭೆಗಳಲ್ಲಿ ಮಾತುಕತೆಯೆಲ್ಲ ಮೇಲಿನ ಸಂಖ್ಯೆಯ ಸುತ್ತ ನಡೆಯುತ್ತದೆ. ತೊಡಕು ಹೆಚ್ಚಾಗಿ ಇರುವುದು ಕೆಳಗಿನದರಲ್ಲಿ.

ಆರೋಗ್ಯ ಉಪಕೇಂದ್ರದ ಛೇದ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಬಯಲು ಪ್ರದೇಶದಲ್ಲಿ ಒಂದು ಉಪಕೇಂದ್ರಕ್ಕೆ 5,000 ಜನಸಂಖ್ಯೆ ಎಂಬುದು ಸರ್ಕಾರದ ಮಾನದಂಡ. ಸಾವಿರ ಜನಸಂಖ್ಯೆಗೆ ವರ್ಷಕ್ಕೆ 16 ಜನನ ಎಂದು ಇಟ್ಟುಕೊಂಡರೆ ಆ ಉಪಕೇಂದ್ರದಲ್ಲಿ 80 ಮಕ್ಕಳು ಹುಟ್ಟಬೇಕು. ಮೊದಲ ವರ್ಷದೊಳಗೆ ತೀರಿಕೊಳ್ಳಬಹುದಾದ ಮಕ್ಕಳೆಂದು ಇಬ್ಬರನ್ನು ಕಳೆದರೆ 78. ಇದೇ ವರ್ಷದ ಗುರಿ. ಗಮನಿಸಿ, ಈ 78 ಮಕ್ಕಳಿಗೆ ಹೆಸರಿಲ್ಲ, ಮನೆಯಿಲ್ಲ. ಇದು 2011ರ ಜನಗಣತಿಯ ಮೇಲೆ ವರ್ಷದಿಂದ ವರ್ಷಕ್ಕೆ ಅಂದಾಜು ಏರಿಸಿಕೊಂಡು ಬಂದ ಸಂಖ್ಯೆ. ಆ ವರ್ಷ ನಿಜವಾಗಿ 81 ಮಕ್ಕಳಿಗೆ ದಡಾರ ಮತ್ತು ರುಬೆಲ್ಲಾದ ಮೊದಲ ಡೋಸ್, ಅಂದರೆ ಎಂಆರ್ ಲಸಿಕೆ, ಸಿಕ್ಕಿದ್ದರೆ 81ನ್ನು 78ರಿಂದ ಭಾಗಿಸಿದಾಗ ಬರುವುದು ಶೇ 104. ನೀವು ಸಭೆಯಲ್ಲಿ ಕೇಳಿದ ಅಂಕಿಯ ಹಿಂದೆ ಹೆಚ್ಚುಕಡಿಮೆ ಇಂಥದೇ ಭಾಗಾಕಾರ ಇದ್ದೀತು.

ಅಂದಾಜಿಗಿಂತ ಹೆಚ್ಚಾದ ಮೂವರು ಎಲ್ಲಿಂದ ಬಂದರು ಎಂದು ಕೇಳಿದರೆ, ನಮ್ಮ ಸೀಮೆಯಲ್ಲಿ ಮೊದಲ ಉತ್ತರ ತವರು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬ ರೂಢಿ ಇರುವುದರಿಂದ ಗಂಡನ ಊರು ಹೊಳಲ್ಕೆರೆಯಾದರೂ ಮಗು ಹುಟ್ಟುವುದು ಚನ್ನಗಿರಿಯ ಕಡೆಯ ಹಳ್ಳಿಯಲ್ಲಿ. ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದುಗಳು ತವರಿನ ಲೆಕ್ಕಕ್ಕೆ ಹೋಗುತ್ತವೆ. ಬಾಣಂತಿ ಗಂಡನ ಮನೆಗೆ ಮರಳಿದ ಮೇಲೆ ಒಂಬತ್ತನೇ ತಿಂಗಳ ಲಸಿಕೆ ಅಲ್ಲಿನ ಲೆಕ್ಕಕ್ಕೆ. ಒಂದೇ ಮಗು, ಎರಡು ರಿಜಿಸ್ಟರ್. ದಾವಣಗೆರೆ ನಗರದ ಸಂಗತಿ ಇನ್ನೂ ವಿಚಿತ್ರ. ಹರಪನಹಳ್ಳಿ ತಾಲ್ಲೂಕು 2018ರಲ್ಲಿ ದಾವಣಗೆರೆ ಜಿಲ್ಲೆಯಿಂದ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಆದರೆ ಹೆರಿಗೆ ನೋವು ಕಾಣಿಸಿಕೊಂಡವರು ಜಿಲ್ಲೆಯ ಗಡಿ ನೋಡಿ ಆಸ್ಪತ್ರೆ ಆರಿಸಿಕೊಳ್ಳುವುದಿಲ್ಲ. ಸುತ್ತಲಿನ ಜಿಲ್ಲೆಗಳಿಂದ ಬಂದು ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಹೆತ್ತವರ ಮಕ್ಕಳಿಗೆ ಅಲ್ಲೇ ಕ್ಷಯ ತಡೆಯುವ ಬಿಸಿಜಿ, ಪೋಲಿಯೊ ಹನಿ ಮತ್ತು 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಡೋಸ್ ಸಿಗುತ್ತವೆ. ಲಸಿಕೆ ಹಾಕಿದ ಸಂಸ್ಥೆಯೇ ವರದಿ ಮಾಡುವ ಪದ್ಧತಿಯಲ್ಲಿ ಇವೆಲ್ಲ ನಗರದ ಅಂಶಕ್ಕೆ ಸೇರುತ್ತವೆ. ಛೇದದಲ್ಲಿ ಆ ಮಕ್ಕಳು ಇರುವುದಿಲ್ಲ. ಹೀಗಾಗಿ ಹುಟ್ಟಿದಾಗಿನ ಡೋಸ್‌ಗಳಲ್ಲಿ ನಗರವು ನೂರನ್ನು ದಾಟುವುದಕ್ಕೂ, ಮಕ್ಕಳ ಸ್ವಂತ ಊರು ಹಿಂದುಳಿದಂತೆ ತೋರುವುದಕ್ಕೂ ಕಾರಣ ಒಂದೇ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅದೇ ಹೆಚ್ಚು ಅಪಾಯಕಾರಿ. ಮಳೆ ಕೈಕೊಟ್ಟ ವರ್ಷ ಕೂಲಿಗಾಗಿ ಗುಳೆ ಹೋಗುವ ಕುಟುಂಬ, ಕುರಿಮಂದೆಯ ಹಿಂದೆ ತಿಂಗಳುಗಟ್ಟಲೆ ನಡೆಯುವ ಚಳ್ಳಕೆರೆ ಕಡೆಯ ಕುರಿಗಾಹಿಗಳು, ಇಟ್ಟಿಗೆ ಭಟ್ಟಿಯ ಪಕ್ಕದ ಗುಡಿಸಲಿನಲ್ಲಿ ಇರುವವರು, ಇವರ ಮಕ್ಕಳು ಎಷ್ಟೋ ಸಲ ಅಂಶದಲ್ಲೂ ಇರುವುದಿಲ್ಲ, ಛೇದದಲ್ಲೂ ಇರುವುದಿಲ್ಲ. ಎರಡೂ ಕಡೆ ಇಲ್ಲದ ಮಗು ಶೇಕಡಾವಾರನ್ನು ಒಂದಿಷ್ಟೂ ಕೆಡಿಸುವುದಿಲ್ಲ. ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಮೊದಲ ಡೋಸ್ ಕೂಡ ಸಿಗದ ಮಗುವನ್ನು ಶೂನ್ಯ ಡೋಸ್ ಮಗು ಎಂದು ಕರೆಯುತ್ತಾರೆ. ಅಂಥ ಮಗುವನ್ನು ವರದಿಯೊಳಗೆ ಹುಡುಕಿದರೆ ಸಿಗುವುದಿಲ್ಲ, ಬೀದಿಯಲ್ಲಿ ಹುಡುಕಬೇಕು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆಗೂ, ಅದರಿಂದ ತಯಾರಾಗುವ ಡ್ಯೂ ಲಿಸ್ಟ್‌ಗೂ, ಅಂದರೆ ಲಸಿಕೆ ಹಾಕಬೇಕಾದ ಮಕ್ಕಳ ಪಟ್ಟಿಗೂ, ಬೆಲೆ ಬರುವುದು ಇಲ್ಲಿಯೇ. ಅಂದಾಜಿನ 78ರ ಬದಲು ಹೆಸರಿರುವ 83 ಅಥವಾ 71 ಮಕ್ಕಳು ಛೇದಕ್ಕೆ ಬಂದು ಕೂರುತ್ತಾರೆ.

ಮೇಲಿನ ಸಂಖ್ಯೆಯಲ್ಲೂ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದು, ಖರ್ಚಾದ ಡೋಸ್ ಬೇರೆ, ಲಸಿಕೆ ಪಡೆದ ಮಗು ಬೇರೆ. ಎಂಆರ್ ಲಸಿಕೆಯ ಸೀಸೆಯನ್ನು ಕಲಸಿದ ಮೇಲೆ ನಾಲ್ಕು ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಲೇಬೇಕು. ಗುರುವಾರದ ಲಸಿಕೆಗೆ ಆರು ಮಕ್ಕಳು ಬಂದರೂ ಹತ್ತು ಡೋಸ್‌ನ ಸೀಸೆ ತೆರೆಯಲೇಬೇಕಾಗುತ್ತದೆ. ದಾಸ್ತಾನು ಪುಸ್ತಕದಲ್ಲಿ ಹತ್ತು ಖರ್ಚು, ಮಕ್ಕಳು ಆರು. ಎರಡನೆಯದು ವಯಸ್ಸು ಮತ್ತು ಅಂತರ. ಒಂಬತ್ತು ತಿಂಗಳು ತುಂಬುವ ಮೊದಲು ಹಾಕಿದ ಎಂಆರ್, ಅಥವಾ ನಾಲ್ಕು ವಾರ ಕಳೆಯುವ ಮುನ್ನವೇ ಹಾಕಿದ ಮುಂದಿನ ಪೆಂಟಾವೇಲೆಂಟ್, ಕಾರ್ಡಿನಲ್ಲಿ ದಾಖಲಾಗಿದ್ದರೂ ಕಟ್ಟುನಿಟ್ಟಿನ ಸಮೀಕ್ಷೆಯಲ್ಲಿ ಸಿಂಧುವಾದ ಡೋಸ್ ಎನ್ನಿಸಿಕೊಳ್ಳುವುದಿಲ್ಲ.

ಈ ದೋಷಗಳನ್ನು ಬಲ್ಲವರು ವರದಿಯನ್ನಷ್ಟೇ ನಂಬದೆ ಮನೆಗಳಿಗೆ ಹೋಗಿ ಕೇಳುವ ಸಮೀಕ್ಷೆಯನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ವಿಧಾನದಲ್ಲಿ 30 ಊರು ಅಥವಾ ಬಡಾವಣೆಗಳನ್ನು ಆರಿಸಿ, ಒಂದೊಂದರಲ್ಲಿ ಏಳು ಮಕ್ಕಳಂತೆ 210 ಮಕ್ಕಳನ್ನು ನೋಡುತ್ತಿದ್ದರು. ಉತ್ತರ ಆಚೀಚೆ ಹತ್ತು ಶೇಕಡಾ ಪಾಯಿಂಟ್‌ಗಳಷ್ಟು ತಪ್ಪಬಹುದೆಂಬ ಅರಿವಿನೊಂದಿಗೇ ಅದನ್ನು ಬಳಸುತ್ತಿದ್ದರು. ನಮ್ಮಲ್ಲಿ ದೊಡ್ಡದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. 2019–21ರ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 12ರಿಂದ 23 ತಿಂಗಳ ಮಕ್ಕಳ ಪೈಕಿ, ಕಾರ್ಡ್ ಅಥವಾ ತಾಯಿಯ ನೆನಪಿನ ಆಧಾರದಲ್ಲಿ, ಪೂರ್ಣ ಲಸಿಕೆ ಪಡೆದವರು ಶೇ 76.4, ಅದರ ಹಿಂದಿನ ಸುತ್ತಿನಲ್ಲಿ ಶೇ 62 ಇತ್ತು. ಅದೇ ಐದನೇ ಸುತ್ತಿನಲ್ಲಿ ಕಾರ್ಡಿನ ಮಾಹಿತಿಯನ್ನು ಮಾತ್ರ ಆಧರಿಸಿದ ಇನ್ನೊಂದು ಅಂಕಿಯೂ ಇದೆ, ಶೇ 83.8. ತಾಯಿಯ ನೆನಪನ್ನು ಬಿಟ್ಟು ಬರಿಯ ಕಾರ್ಡ್ ನೋಡಿದರೆ ಪ್ರಮಾಣ ಇಳಿಯಬೇಕಲ್ಲವೇ, ಏರಿದ್ದು ಹೇಗೆ ಎಂದು ನೀವು ಕೇಳಬಹುದು. ಮತ್ತೆ ಛೇದವೇ ಕಾರಣ. ಎರಡನೆಯ ಲೆಕ್ಕದಲ್ಲಿ ಕಾರ್ಡ್ ತೋರಿಸಿದವರ ಮಕ್ಕಳು ಮಾತ್ರ ಕೆಳಗಿದ್ದಾರೆ, ಮತ್ತು ಕಾರ್ಡನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟ ಮನೆಯವರು ಲಸಿಕೆಯನ್ನೂ ತಪ್ಪಿಸದೆ ಹಾಕಿಸಿರುವ ಸಂಭವ ಹೆಚ್ಚು.

ಪೂರ್ಣ ಲಸಿಕೆ ಎಂಬ ಮಾತಿಗೂ ಒಂದು ಮಿತಿಯಿದೆ. ಆ ಸಮೀಕ್ಷೆಯ ವ್ಯಾಖ್ಯೆಯಲ್ಲಿ ಬಿಸಿಜಿ, ಮೂರು ಡೋಸ್ ಪೋಲಿಯೊ, ಮೂರು ಡೋಸ್ ಪೆಂಟಾವೇಲೆಂಟ್ ಅಥವಾ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ) ಮತ್ತು ದಡಾರದ ಒಂದು ಡೋಸ್ ಸಾಕು. 16ರಿಂದ 24 ತಿಂಗಳೊಳಗಿನ ಬೂಸ್ಟರ್ ಆಗಲಿ, ಐದು ವರ್ಷದ ಡಿಪಿಟಿ ಆಗಲಿ ಅದರಲ್ಲಿಲ್ಲ. ಇನ್ನು ಯಾವ ಅಂದಾಜು ಛೇದವೂ ಬೇಡದ ಒಂದು ಅಳತೆಯಿದೆ, ಅದು ಅರ್ಧಕ್ಕೆ ಬಿಟ್ಟವರ ಪ್ರಮಾಣ. ಪೆಂಟಾವೇಲೆಂಟ್ ಮೊದಲ ಡೋಸ್ 90 ಮಕ್ಕಳಿಗೆ, ಎಂಆರ್ ಮೊದಲ ಡೋಸ್ 76 ಮಕ್ಕಳಿಗೆ ಸಿಕ್ಕಿದ್ದರೆ ಬಿಟ್ಟುಹೋದವರು 14, ಅಂದರೆ ಶೇ 15.6. ಹತ್ತನ್ನು ಮೀರಿದರೆ ಏನೋ ಎಡವಿದೆ ಎಂದರ್ಥ. ಒಮ್ಮೆ ಬಾಗಿಲಿಗೆ ಬಂದ ಮಗು ಮತ್ತೆ ಬರಲಿಲ್ಲ ಎಂಬುದನ್ನು ಇದು ನೇರವಾಗಿ ಹೇಳುವುದರಿಂದ ಶೇ 104ಕ್ಕಿಂತ ಈ ಒಂದು ಅಂಕಿಯ ಮೇಲೆ ನನಗೆ ಹೆಚ್ಚು ವಿಶ್ವಾಸ. ತವರಿನ ಗೊಂದಲ ಇಲ್ಲಿಯೂ ಸ್ವಲ್ಪ ಇಣುಕುತ್ತದೆ ಎಂಬುದು ನಿಜ. ಲಸಿಕೆಗಳನ್ನು ದಾಖಲಿಸುವ ಸರ್ಕಾರದ ಯು-ವಿನ್ ತಂತ್ರಾಂಶದಲ್ಲಿ ಮಗುವಿನ ದಾಖಲೆ ಮೊಬೈಲ್ ಸಂಖ್ಯೆಯೊಂದಿಗೆ ಊರಿಂದ ಊರಿಗೆ ಹಿಂಬಾಲಿಸುವಂತೆ ಮಾಡಿರುವುದು ಈ ಗೊಂದಲವನ್ನು ಕಡಿಮೆ ಮಾಡಲೆಂದೇ. ಮನೆಯಲ್ಲಿ ಮೊಬೈಲ್ ನಂಬರ್ ಬದಲಾಗುತ್ತಲೇ ಇದ್ದರೆ ಅದಕ್ಕೂ ಕಷ್ಟವೇ.

ಈಗ ನಿಮ್ಮ ಶಾಲೆಗೆ ಬರೋಣ. ಹತ್ತು ವರ್ಷದ ಮಕ್ಕಳಿಗೆ ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ, ಹಾಕಲು ತಂಡ ಬಂದಿತೆನ್ನಿ. ನಿಮ್ಮ ಪ್ರಶ್ನೆಯಲ್ಲಿರುವ 12ಕ್ಕೆ ಹೊಂದುವಂತೆ ಉಳಿದ ಸಂಖ್ಯೆಗಳನ್ನು ಉದಾಹರಣೆಗಾಗಿ ನಾನೇ ಕಲ್ಪಿಸಿಕೊಳ್ಳುತ್ತೇನೆ. ಹಾಜರಿ ಪುಸ್ತಕದಲ್ಲಿ 52 ಹೆಸರು. ಆ ದಿನ ಬಂದವರು 41, ಒಬ್ಬನಿಗೆ ಜ್ವರ, ಲಸಿಕೆ ಪಡೆದವರು 40. ತಂಡ ತಂದಿದ್ದು ಹತ್ತು ಡೋಸ್‌ನ ನಾಲ್ಕು ಸೀಸೆ. ತಂದ ಡೋಸ್‌ಗೆ ಹೋಲಿಸಿದರೆ ಸಾಧನೆ ಶೇ 100. ಹಾಜರಿದ್ದವರಿಗೆ ಹೋಲಿಸಿದರೆ ಶೇ 97.6. ದಾಖಲಾತಿಗೆ ಹೋಲಿಸಿದರೆ ಶೇ 76.9. ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಊರಿನ ಆ ವಯಸ್ಸಿನ ಮಕ್ಕಳು 58 ಮಂದಿ ಇದ್ದು, ಶಾಲೆಯನ್ನೇ ಬಿಟ್ಟವರೂ ಬೇರೆಡೆ ಓದುವವರೂ ಆ ಆರು ಜನರಲ್ಲಿ ಸೇರಿದ್ದರೆ ಶೇ 69. ಒಂದೇ ಬೆಳಗ್ಗೆ, ಒಂದೇ ಕೊಠಡಿಯಲ್ಲಿ, ಅದೇ 40 ಮಕ್ಕಳು ನಾಲ್ಕು ಬೇರೆ ಬೇರೆ ಶೇಕಡಾವಾರುಗಳಾಗಿ ನಾಲ್ಕು ಕಡತಗಳಿಗೆ ಹೋಗುತ್ತಾರೆ.

ಇವುಗಳಲ್ಲಿ ಹಾಜರಾತಿಯನ್ನು ಛೇದವಾಗಿಸಿಕೊಳ್ಳುವ ಲೆಕ್ಕದ ಬಗ್ಗೆ ನನಗೆ ತಕರಾರಿದೆ. ಲಸಿಕೆಯ ದಿನ ಗೈರುಹಾಜರಾದವರು ಆಕಸ್ಮಿಕವಾಗಿ ಉಳಿದವರಲ್ಲ. 2017ರ ಫೆಬ್ರುವರಿಯಲ್ಲಿ ಕರ್ನಾಟಕವೂ ಸೇರಿದಂತೆ ಮೊದಲ ಹಂತದ ರಾಜ್ಯಗಳಲ್ಲಿ ಒಂಬತ್ತು ತಿಂಗಳಿಂದ 15 ವರ್ಷದೊಳಗಿನ ಎಲ್ಲರಿಗೂ ಎಂಆರ್ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ವದಂತಿಗಳಿಗೆ ಹೆದರಿ ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡ ಪೋಷಕರಿದ್ದರು. ಹೆದರಿದವರ, ಕೂಲಿಗೆ ಹೋದವರ, ಪದೇ ಪದೇ ಕಾಯಿಲೆ ಬೀಳುವವರ ಮಕ್ಕಳೇ ಆ ದಿನದ ಗೈರುಹಾಜರಿಯಲ್ಲಿ ಹೆಚ್ಚು. ಅವರನ್ನು ಛೇದದಿಂದ ಕೈಬಿಟ್ಟರೆ ಯಾರನ್ನು ಹುಡುಕಬೇಕೋ ಅವರನ್ನೇ ಅಳಿಸಿದಂತಾಗುತ್ತದೆ. ಪಲ್ಸ್ ಪೋಲಿಯೊ ನಡೆಸಿದವರಿಗೆ ಇದು ಗೊತ್ತಿತ್ತು. ಬೂತ್‌ನಲ್ಲಿ ಹನಿ ಹಾಕಿದ ಸಂಖ್ಯೆಗೆ ತೃಪ್ತರಾಗದೆ ಎಡಗೈಯ ಕಿರುಬೆರಳಿನ ಶಾಯಿ ನೋಡುತ್ತ ಮನೆಗಳಿಗೆ ಹೋದರು, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು, ಮಗು ಬಾಕಿಯಿದ್ದ ಮನೆಗೆ ಮರಳಿ ಹೋದರು.

ಸರಾಸರಿಯೂ ಮೋಸಗೊಳಿಸುತ್ತದೆ. ದಡಾರ ಹರಡದಂತೆ ತಡೆಯಲು ಎರಡೂ ಡೋಸ್ ಪಡೆದವರು ಶೇ 95ರಷ್ಟಾದರೂ ಇರಬೇಕು, ಅದೂ ಪ್ರತಿ ಊರಿನಲ್ಲಿ. ಒಂಬತ್ತನೇ ತಿಂಗಳ ಒಂದೇ ಡೋಸ್ ನೂರರಲ್ಲಿ ಸುಮಾರು 85 ಮಕ್ಕಳಿಗಷ್ಟೇ ರಕ್ಷಣೆ ಕೊಡುವುದರಿಂದ ಎರಡನೆಯದನ್ನು ಬಿಡುವಂತಿಲ್ಲ. ತಾಲ್ಲೂಕಿನ ಒಟ್ಟು ಪ್ರಮಾಣ 95 ಇದ್ದೂ, ರಸ್ತೆಯಿಂದ ದೂರದ ಒಂದು ಹಟ್ಟಿಯಲ್ಲೋ ತಾಂಡಾದಲ್ಲೋ ಅದು 60 ಇದ್ದರೆ ದಡಾರ ಹರಡಲು ಆ ಒಂದು ಜಾಗ ಸಾಕು.

ಹಾಗಾದರೆ ನೀವು ಬರೆಯಬೇಕಾದುದು ಇಷ್ಟು. ಛೇದದಲ್ಲಿ ದಾಖಲಾತಿಯ 52 ಇರಲಿ, ಹಾಜರಾದವರ ಸಂಖ್ಯೆ ಪಕ್ಕದಲ್ಲಿ ಪ್ರತ್ಯೇಕವಾಗಿರಲಿ. ಉಳಿದ 12 ಮಕ್ಕಳ ಹೆಸರು ಮತ್ತು ಉಳಿಯಲು ಕಾರಣ ಬರೆದು ಆ ಪಟ್ಟಿಯನ್ನು ಉಪಕೇಂದ್ರದಲ್ಲಿ ಲಸಿಕೆ ಹಾಕುವ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗೆ ಕೊಡಿ. ಶೇಕಡಾವಾರನ್ನು ಅವರು ಹಾಕಿಕೊಳ್ಳುತ್ತಾರೆ, ಹೆಸರುಗಳು ನಿಮ್ಮ ಬಳಿ ಮಾತ್ರ ಇವೆ. ಹಳೆಯ ಲಸಿಕೆಗಳ ವಿಷಯ ಕೇಳುವಾಗ ‘ಕಾರ್ಡ್ ನೋಡಿದೆ’, ‘ಪೋಷಕರು ಹೇಳಿದರು’, ‘ಗೊತ್ತಿಲ್ಲ’ ಎಂದು ಮೂರು ಕಾಲಂ ಮಾಡಿ, ಮತ್ತು ಮೂರನೆಯದನ್ನು ದಯವಿಟ್ಟು ಮೊದಲೆರಡರಲ್ಲಿ ಬೆರೆಸಬೇಡಿ. ಲಸಿಕೆ ಕಾರ್ಡ್ ಇದ್ದರೆ ಮಾತ್ರ ಶಾಲೆಗೆ ಸೇರಿಸಬೇಕೆಂಬ ಕೇಂದ್ರದ ಕಾನೂನು ಇಲ್ಲ, ಆದ್ದರಿಂದ ಕಾರ್ಡ್ ಇಲ್ಲವೆಂದು ಯಾವ ಮಗುವನ್ನೂ ಬಾಗಿಲಲ್ಲಿ ನಿಲ್ಲಿಸಬೇಡಿ. ದಾಖಲಾತಿಯ ದಿನ, ಲಸಿಕೆಯ ವಿವರವಿರುವ ‘ತಾಯಿ ಕಾರ್ಡ್’ ತರಲು ಪೋಷಕರಿಗೆ ಹೇಳಿ, ನೋಡಿ, ಗುರುತು ಹಾಕಿಕೊಳ್ಳಿ. ಈ ಕೆಲಸವನ್ನು ಐದನೇ ತರಗತಿಯಲ್ಲಿ ಅಲ್ಲ, ಜೂನ್ ತಿಂಗಳಲ್ಲಿ ಒಂದನೇ ತರಗತಿಯಲ್ಲೇ ಮಾಡಿದರೆ ಒಂದು ಅನುಕೂಲವಿದೆ: ಡಿಪಿಟಿ ಲಸಿಕೆಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಏಳು ವರ್ಷ ತುಂಬುವವರೆಗೆ ಮಾತ್ರ ಕೊಡುತ್ತಾರೆ, ಮತ್ತು ಒಂದನೇ ತರಗತಿಯ ಹೆಚ್ಚಿನ ಮಕ್ಕಳಿಗೆ ಆಗಿನ್ನೂ ಏಳು ತುಂಬಿರುವುದಿಲ್ಲ.