ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ) ಸ್ಟಾಲ್, ನೆಲದ ಹತ್ತಿರದ ತಿರುವು, ಎದುರುಗಾಳಿ: ಥಿಯರಿ ಓದ್ತಿರೋ ಗೆಳೆಯರಿಗೆ

ಸ್ಪೀಡ್ ಕಮ್ಮಿ ಆದ್ರೆ ಮಾತ್ರ ಸ್ಟಾಲ್ ಆಗ್ತದೆ ಅಂತ ಸುಮಾರು ಜನ ಬಾಯಿಪಾಠ ಮಾಡ್ಕೊಂಡಿರ್ತಾರೆ, ಆ ತಿಳುವಳಿಕೆಯನ್ನ ಮೊದಲು ಬಿಡಿ. ರೆಕ್ಕೆಗೆ ಗಾಳಿ ಯಾವ ಕೋನದಲ್ಲಿ ಬರ್ತದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ, ಇದಕ್ಕೆ ಏಂಗಲ್ ಆಫ್ ಅಟ್ಯಾಕ್ ಅಂತಾರೆ, ಅದು ಸುಮಾರು 15 ಡಿಗ್ರಿ ದಾಟ್ತಿದ್ದ ಹಾಗೆ ರೆಕ್ಕೆ ಮೇಲೆ ಹರಿಯೋ ಗಾಳಿ ಬಿಟ್ಕೊಂಡು ಲಿಫ್ಟ್ (ಮೇಲಕ್ಕೆ ಎತ್ತೋ ಬಲ) ಒಮ್ಮೆಲೇ ಕಮ್ಮಿ ಆಗ್ತದೆ, ಇದೇ ಸ್ಟಾಲ್. ಮೂಗು ಕೆಳಗಿದ್ರೂ, ಸ್ಪೀಡ್ ಚೆನ್ನಾಗಿದ್ರೂ, ಸ್ಟಿಕ್ ಜೋರಾಗಿ ಹಿಂದಕ್ಕೆ ಎಳೆದ್ರೆ ಸ್ಟಾಲ್ ಆಗ್ತದೆ.

ನೇರ ಹಾರುವಾಗ ಗಂಟೆಗೆ 65 ಕಿ.ಮೀ. ವೇಗಕ್ಕೆ ಸ್ಟಾಲ್ ಆಗೋ ಗ್ಲೈಡರ್ ಅಂತ ಇಟ್ಕೊಳ್ಳಿ. 45 ಡಿಗ್ರಿ ವಾಲಿಸಿ ತಿರುಗಿಸಿದ್ರೆ ರೆಕ್ಕೆ ಮೇಲಿನ ಭಾರ 1.4 ಪಟ್ಟು, ಸ್ಟಾಲ್ ಸ್ಪೀಡ್ 77ಕ್ಕೆ ಏರ್ತದೆ. 60 ಡಿಗ್ರಿಗೆ ಭಾರ ಡಬಲ್, ಸ್ಟಾಲ್ ಸ್ಪೀಡ್ 92. ನೀವು 85ರಲ್ಲಿ ಆರಾಮ ಹಾರ್ತಿದ್ದೀರಿ ಅಂದ್ಕೊಂಡಿರ್ತೀರಿ, ಅಷ್ಟರಲ್ಲಿ ರೆಕ್ಕೆ ಕೈ ಬಿಟ್ಟಿರ್ತದೆ.

ಇದರ ಜೊತೆಗೆ ಉದ್ದ ರೆಕ್ಕೆಯ ಒಂದು ಗುಣ ಇದೆ. ಬಲಕ್ಕೆ ಸ್ಟಿಕ್ ಹಾಕಿದ್ರೆ ಎಡ ರೆಕ್ಕೆಯ ಎಲರಾನ್ (ರೆಕ್ಕೆ ಹಿಂಬದಿಯ ಅಲುಗಾಡೋ ಪಟ್ಟಿ) ಕೆಳಗೆ ಬಂದು ಆ ಕಡೆ ಡ್ರ್ಯಾಗ್ (ಗಾಳಿಯ ತಡೆ) ಜಾಸ್ತಿ ಆಗ್ತದೆ, ಮೂಗು ಎಡಕ್ಕೆ ಹೋಗ್ತದೆ, ಅದಕ್ಕೇ ಸ್ಟಿಕ್ಕೂ ರಡ್ಡರೂ (ಪೆಡಲ್‌ನಿಂದ ತಿರುಗಿಸೋ ಬಾಲದ ಪಟ್ಟಿ) ಒಟ್ಟಿಗೇ ಹಾಕಬೇಕು. ಕ್ಯಾನಪಿ (ಪೈಲಟ್ ಮೇಲಿನ ಪಾರದರ್ಶಕ ಮುಚ್ಚಳ) ಮೇಲೆ ಅಂಟಿಸಿದ ಉಣ್ಣೆ ದಾರದ ಬಾಲ ಎಡಕ್ಕೆ ಹೋದ್ರೆ ಬಲ ಪೆಡಲ್ ಒತ್ತಿ. ಆ ದಾರದಷ್ಟು ಅಗ್ಗದ, ಅಷ್ಟು ನಂಬಿಕಸ್ತ ಉಪಕರಣ ಬೇರೆ ಇಲ್ಲ ಅನ್ನೋದು ನನ್ನ ಅಭಿಪ್ರಾಯ.

ಅತಿ ಅಪಾಯದ ಜಾಗ ಲ್ಯಾಂಡಿಂಗ್‌ಗೆ ಮುಂಚಿನ ಕೊನೇ ತಿರುವು. ರನ್‌ವೇ ದಾಟಿ ಹೋಗ್ತಿದೆ ಅಂತ ಗಾಬರಿಗೆ ರಡ್ಡರ್ ಜಾಸ್ತಿ ಒತ್ತೋದು, ವಾಲೋದನ್ನ ತಡೆಯೋಕೆ ಸ್ಟಿಕ್ ಉಲ್ಟಾ ಹಾಕೋದು, ಮೂಗು ಕೆಳಗೆ ಹೋಗ್ತದಲ್ಲಾ ಅಂತ ಹಿಂದಕ್ಕೆ ಎಳೆಯೋದು, ಮೂರೂ ಸೇರಿದ್ರೆ ತಿರುವಿನ ಒಳಗಿನ ರೆಕ್ಕೆ ಸ್ಟಾಲ್ ಆಗಿ ಸ್ಪಿನ್ (ಸ್ಟಾಲ್ ಆಗಿ ಗಿರಗಿರನೆ ತಿರುಗ್ತಾ ಬೀಳೋದು), ನೂರು ಮೀಟರ್ ಎತ್ತರದಲ್ಲಿ ಅದರಿಂದ ಹೊರಬರೋಕೆ ಜಾಗ ಇರೋದಿಲ್ಲ. ಸಾಕಷ್ಟು ಎತ್ತರದಲ್ಲಿ ಸ್ಪಿನ್ ಆದ್ರೆ ಎಲರಾನ್ ಮಧ್ಯಕ್ಕೆ, ತಿರುಗ್ತಿರೋದಕ್ಕೆ ಉಲ್ಟಾ ಪೂರ್ತಿ ರಡ್ಡರ್, ತಿರುಗೋದು ನಿಲ್ಲೋವರೆಗೆ ಸ್ಟಿಕ್ ಮುಂದಕ್ಕೆ, ನಿಂತ ಮೇಲೆ ರಡ್ಡರ್ ಮಧ್ಯಕ್ಕೆ, ಆಮೇಲೆ ಮೆಲ್ಲಗೆ ಮೂಗು ಎತ್ತೋದು. ನಿಮ್ಮ ಗ್ಲೈಡರ್ ಮ್ಯಾನ್ಯುಯಲ್ ಬೇರೆ ಹೇಳಿದ್ರೆ ಅದೇ ಸರಿ. ಸ್ಪೀಡ್ ಏರ್ತಾ ಹೋದ್ರೆ ಅದು ಸ್ಪಿನ್ ಅಲ್ಲ, ಸ್ಪೈರಲ್ ಡೈವ್ (ಸ್ಟಾಲ್ ಆಗದೇ ಸುತ್ತುತ್ತಾ ಧುಮುಕೋದು), ಅಲ್ಲಿ ಮೊದಲು ರೆಕ್ಕೆ ಸಮ ಮಾಡಿ.

ಗ್ಲೈಡರನ್ನ ನೆಲದಿಂದ ಎಳೆದು ಮೇಲಕ್ಕೇರಿಸೋ ವಿಂಚ್ ಕೇಬಲ್ ತುಂಡಾದ್ರೆ: ಮೂಗು ಕೆಳಗೆ, ಸ್ಪೀಡ್ ಮುಳ್ಳು ಅಪ್ರೋಚ್ ಸ್ಪೀಡಿಗೆ (ಇಳಿಯೋಕೆ ಬರುವಾಗಿನ ವೇಗ) ಬರೋವರೆಗೆ ಕಾಯಿರಿ, ಅಲ್ಲಿವರೆಗೆ ತಿರುವೂ ಬೇಡ, ಏರ್‌ಬ್ರೇಕೂ (ಬೇಗ ಕೆಳಗಿಳಿಸೋಕೆ ರೆಕ್ಕೆ ಮೇಲೆ ತೆಗೆಯೋ ಫಲಕ) ಬೇಡ.

ಈಗ ಎದುರುಗಾಳಿ, ನಮ್ಮೂರ ಲೆಕ್ಕದಲ್ಲೇ ನೋಡೋಣ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಅದರ ಮೇಲೆ 1000 ಮೀಟರ್ ಎತ್ತರದಲ್ಲಿ ಇದ್ದೀರಿ, ಗ್ಲೈಡರ್ 90 ಕಿ.ಮೀ. ವೇಗದಲ್ಲಿ 1:34 ಸಾಗ್ತದೆ, ಅಂದ್ರೆ 1 ಕಿ.ಮೀ. ಇಳಿಯೋದ್ರೊಳಗೆ 34 ಕಿ.ಮೀ. ಮುಂದೆ. 1.6 ಕಿ.ಮೀ. ಎತ್ತರಕ್ಕೆ 54 ಕಿ.ಮೀ., ಸಮುದ್ರದಂಡೆಯ ಕುಮಟಾ ನೇರ ದೂರದಲ್ಲಿ 50ರ ಆಸುಪಾಸು, ಹಾಗಾದ್ರೆ ಮುಟ್ಟಬಹುದು ಅಂತ ಕಾಗದದ ಮೇಲೆ ಬರ್ತದೆ. ಆದ್ರೆ ಮಧ್ಯಾಹ್ನ ಪಶ್ಚಿಮದಿಂದ 25 ಕಿ.ಮೀ. ವೇಗದ ಗಾಳಿ ಎದುರಿಗಿದ್ರೆ ನೆಲದ ಮೇಲಿನ ವೇಗ 65ಕ್ಕೆ ಇಳೀತದೆ, ದೂರ 39ಕ್ಕೆ ಬಂತು. ಸಮುದ್ರದ ತಂಪು ಗಾಳಿ ಒಳಗೆ ಬಂದ ಕಡೆ ಥರ್ಮಲ್ಲೂ (ಮೇಲಕ್ಕೇರೋ ಬಿಸಿ ಗಾಳಿ) ಸಾಯ್ತದೆ, ಕೆಳಗೆ ನೋಡಿದ್ರೆ ದೇವಿಮನೆ ಘಟ್ಟದ ಕಾಡು, ಇಳಿಯೋಕೆ ಒಂದು ಬಯಲು ಸಿಗೋದಿಲ್ಲ. ಎದುರುಗಾಳಿಯಲ್ಲಿ ಬೆಸ್ಟ್ ಗ್ಲೈಡ್ ಸ್ಪೀಡಿಗಿಂತ (ಗಾಳಿ ಇಲ್ಲದಾಗ ಅತಿ ದೂರ ಸಾಗೋ ವೇಗ) ಸ್ವಲ್ಪ ಜಾಸ್ತಿ ಹಾರಿಸಿದ್ರೆ ಒಂದಿಷ್ಟು ಲಾಭ ಇದೆ, ಆದ್ರೆ ಈ ಕೊರತೆ ತುಂಬೋದಿಲ್ಲ. ಇಳಿಯೋ ಜಾಗ ಕೈಗೆಟಕುವಷ್ಟು ಹತ್ತಿರ ಇರುವಾಗಲೇ ವಾಪಸ್ ತಿರುಗೋ ನಿರ್ಧಾರ ಮಾಡಬೇಕು.

ಲ್ಯಾಂಡಿಂಗ್‌ಗೂ ಇದೇ ಗಾಳಿ ಲೆಕ್ಕಕ್ಕೆ ಬೇಕು. ಅಪ್ರೋಚ್‌ಗೆ ಸ್ಟಾಲ್ ಸ್ಪೀಡಿನ ಒಂದೂವರೆ ಪಟ್ಟು, ಅದಕ್ಕೆ ಗಾಳಿಯ ಅರ್ಧ ಸೇರಿಸಿ ಅಂತ ಸಾಮಾನ್ಯವಾಗಿ ಹೇಳ್ತಾರೆ: 65ಕ್ಕೆ 98, 20 ಕಿ.ಮೀ. ಗಾಳಿಗೆ ಇನ್ನೊಂದು 10. ನೆಲದ ಹತ್ತಿರ ಗಾಳಿ ವೇಗ ಕಮ್ಮಿ ಇರ್ತದೆ, ಕೆಳಗೆ ಇಳೀತಿದ್ದ ಹಾಗೆ ನಿಮ್ಮ ಏರ್‌ಸ್ಪೀಡ್ ತಾನಾಗೇ ಬೀಳ್ತದೆ, ಆ ಹೆಚ್ಚಿನ 10 ಅಲ್ಲಿಗೆ ಅಂತಲೇ ಇಟ್ಟಿರೋದು.